ತೋಟದ ಹೆಮ್ಮರಗಳ ಲೆಕ್ಕ ಇಟ್ಟವರು ಯಾರು?

ಭಾರತೀಯ ಅರಣ್ಯ ಸಮೀಕ್ಷೆಯ ವರದಿ ಹೊರಬಂದಾಗಲೆಲ್ಲ ಮಲೆನಾಡಿನ ಹಸಿರಿನ ಬಗ್ಗೆ ಸಮಾಧಾನದ ಮಾತು ಕೇಳಿಬರುತ್ತದೆ. ಒಂದು ಹೆಕ್ಟೇರ್‌ಗಿಂತ ದೊಡ್ಡದಾದ, ಮರಗಳ ನೆತ್ತಿ ಶೇ 10ಕ್ಕಿಂತ ಹೆಚ್ಚು ಮುಚ್ಚಿಕೊಂಡ ಜಾಗವೆಲ್ಲ ಆ ಲೆಕ್ಕದಲ್ಲಿ ಅರಣ್ಯ ಹೊದಿಕೆಯೇ. ಒಡೆತನ ಯಾರದು, ಮರ ಯಾವುದು ಎಂದು ಅಲ್ಲಿ ಕೇಳುವುದಿಲ್ಲ. ಮೂಡಿಗೆರೆಯ ಕಾಫಿ ತೋಟವೊಂದರಲ್ಲಿ ಹಳೆಯ ಗೋಣಿ, ಬಸರಿ ಉರುಳಿ ಆ ಜಾಗದಲ್ಲಿ ಸಿಲ್ವರ್ ಓಕ್ ಎದ್ದರೂ ಉಪಗ್ರಹದ ಚಿತ್ರ ಹಸಿರಾಗಿಯೇ ಇರುತ್ತದೆ. ತೋಟದ ನೆರಳಿನ ಬಗ್ಗೆ ಒಂದೂವರೆ ಶತಮಾನದ ಅಧ್ಯಯನದ ನಂತರವೂ ಇಂಥ ಎಣಿಕೆಯನ್ನು ಜನ ನಂಬುತ್ತಾರೆಂದರೆ, ಅದಕ್ಕೆ ಅಧ್ಯಯನ ಹಿಡಿದ ದಾರಿಯೂ ಕಾರಣ.

ಬಾಬಾಬುಡನ್ ಗಿರಿಗೆ ಏಳು ಬೀಜಗಳಿಂದ ಕಾಫಿ ಬಂದ ಕತೆ ಎಲ್ಲರಿಗೂ ಗೊತ್ತು. ಆದರೆ ಕಾಫಿಗೆ ಬೇಕಾದ ನೆರಳಿನ ಚರ್ಚೆ ಬರಹಕ್ಕಿಳಿದದ್ದು ಬಹಳ ತಡವಾಗಿ, ಅದೂ ಕೀಟದ ಭಯದಿಂದ. 1860ರ ದಶಕದಲ್ಲಿ ಬಿಳಿ ಕಾಂಡಕೊರಕ ತೋಟಗಳನ್ನು ಒಣಗಿಸಿದಾಗ ಮದರಾಸು ಸರ್ಕಾರಕ್ಕಾಗಿ ಜಾರ್ಜ್ ಬೀಡಿ ತನಿಖೆ ನಡೆಸಿ 1869ರಲ್ಲಿ ವರದಿ ಕೊಟ್ಟರು. ಬಿಸಿಲು ಬೀಳುವ ಕಾಂಡದ ಮೇಲೆಯೇ ಈ ಕೀಟ ಹೆಚ್ಚಾಗಿ ಮೊಟ್ಟೆಯಿಡುತ್ತದೆ. ಅರೇಬಿಕಾಕ್ಕೆ ನೆರಳು ಕಡ್ಡಾಯವಾದದ್ದು ಹೀಗೆ. ಮಂಜರಾಬಾದ್ ಸೀಮೆಯ ಪ್ಲಾಂಟರ್ ರಾಬರ್ಟ್ ಎಲಿಯಟ್ 1894ರ ತಮ್ಮ ಪುಸ್ತಕದಲ್ಲಿ ಬಸರಿ, ಗೋಣಿ, ಅತ್ತಿಗಳನ್ನು ಇಲ್ಲಿನ ಹೆಸರುಗಳಲ್ಲೇ ಕರೆದು ಗುಣದೋಷ ವಿವರಿಸಿದರು. ಆ ತಿಳಿವಳಿಕೆಯ ಮೂಲ ಇಲ್ಲಿನ ರೈತರು ಮತ್ತು ಕೂಲಿಯಾಳುಗಳು. ಅವರ ಹೆಸರು ಯಾವ ಪುಸ್ತಕದಲ್ಲೂ ಉಳಿಯಲಿಲ್ಲ.

1925ರಲ್ಲಿ ಬಾಳೆಹೊನ್ನೂರಿನಲ್ಲಿ ಮೈಸೂರು ಸಂಸ್ಥಾನದ ಕಾಫಿ ಪ್ರಯೋಗ ಕೇಂದ್ರ ಶುರುವಾಯಿತು. ಎಸ್.795ರಂಥ ತಳಿ ಕೊಟ್ಟ, ಇಂದಿನ ಕೇಂದ್ರೀಯ ಕಾಫಿ ಸಂಶೋಧನಾ ಸಂಸ್ಥೆ ಇದೇ. ಕೆಳಗೆ ಹಾಲವಾಣ, ಮೇಲೆ ಕಾಡುಮರ, ಕಾಲಕಾಲಕ್ಕೆ ಮರಗಸಿ (ಕೊಂಬೆ ಸವರುವುದು) ಎಂಬ ಎರಡು ಹಂತದ ಪದ್ಧತಿಗೆ ಶಾಸ್ತ್ರದ ಬೆಂಬಲ ಸಿಕ್ಕಿತು. ಆದರೆ ಪ್ರಶ್ನೆ ಯಾವಾಗಲೂ ಗಿಡದ ಕಡೆಯಿಂದಲೇ ಬಂತು: ಕಾಫಿಗೆ ಎಷ್ಟು ನೆರಳು ಬೇಕು? ಮರಕ್ಕೆ ಏನು ಬೇಕು ಎಂಬುದು ಕೃಷಿ ವಿಜ್ಞಾನದ ಪ್ರಶ್ನೆಯಾಗಲಿಲ್ಲ.

ಈ ನಡುವೆ ಆಸ್ಟ್ರೇಲಿಯಾದ ಸಿಲ್ವರ್ ಓಕ್ ತೋಟಗಳನ್ನು ಆವರಿಸಿತು. ಬೇಗ ಬೆಳೆಯುತ್ತದೆ, ನೆಟ್ಟಗೆ ನಿಲ್ಲುತ್ತದೆ, ಮೆಣಸಿನ ಬಳ್ಳಿ ಹಬ್ಬಿಸಬಹುದು, ಹಣದ ಅಡಚಣೆಯಾದಾಗ ಕಡಿದು ಮಾರಬಹುದು. 1976ರ ಕರ್ನಾಟಕ ಮರ ಸಂರಕ್ಷಣಾ ಕಾಯ್ದೆ ಸಿಲ್ವರ್ ಕಡಿಯಲು ವಿನಾಯಿತಿ ಕೊಟ್ಟು, ಹೆಚ್ಚಿನ ಕಾಡುಮರಗಳಿಗೆ ಅನುಮತಿಯ ಷರತ್ತು ಹಾಕಿತು. ಕಾಡುಮರ ಬೆಳೆಸಿದವನು ಕಚೇರಿ ಸುತ್ತಬೇಕು, ಸಿಲ್ವರ್ ನೆಟ್ಟವನಿಗೆ ಆ ತೊಡಕಿಲ್ಲ. ಬೆಳೆಗಾರನ ಆಯ್ಕೆಯನ್ನು ಕಾಯ್ದೆಯೇ ತೀರ್ಮಾನಿಸಿದ ಮೇಲೆ ಅವನನ್ನೊಬ್ಬನನ್ನೇ ದೂರುವುದು ನ್ಯಾಯವಲ್ಲ.

ಮರವನ್ನು ಮರವಾಗಿ ನೋಡುವ ಕೆಲಸ ಗಟ್ಟಿಯಾದದ್ದು ಈ ಶತಮಾನದಲ್ಲಿ. ಅದಕ್ಕೆ ನೆಲ ಹದಮಾಡಿದವರಲ್ಲಿ ಮೂಡಿಗೆರೆಯ ತೋಟದಲ್ಲಿದ್ದುಕೊಂಡೇ ಹಕ್ಕಿ, ಕೀಟಗಳ ಬಗ್ಗೆ ಬರೆದ ಪೂರ್ಣಚಂದ್ರ ತೇಜಸ್ವಿಯವರನ್ನು ಮರೆಯಲಾಗದು. ಸುತ್ತಲಿನ ಜೀವಲೋಕ ಓದಿಗೆ ತಕ್ಕ ವಿಷಯವೆಂದು ಅವರು ಕನ್ನಡಿಗರಿಗೆ ಮನವರಿಕೆ ಮಾಡಿಕೊಟ್ಟರು. ಕೊಡಗಿನ ದೇವರಕಾಡು ಮತ್ತು ಕಾಫಿ ತೋಟಗಳನ್ನು ಒಟ್ಟಿಗೆ ಇಟ್ಟು ನೋಡಿದ ಶೋನಿಲ್ ಭಾಗವತ್ ಮತ್ತು ಸಂಗಡಿಗರ ಅಧ್ಯಯನ 2005ರಲ್ಲಿ ಬಂತು. 2008ರಲ್ಲಿ ಭದ್ರಾ ಅಭಯಾರಣ್ಯದ ಸುತ್ತಲಿನ ತೋಟಗಳಿಂದಲೇ ಎರಡು ಮುಖ್ಯ ಪ್ರಬಂಧಗಳು ಬಂದವು. ಒಂದು ಚಿಟ್ಟೆಗಳದು. ಇನ್ನೊಂದರಲ್ಲಿ ಆನಂದ್, ಜಗದೀಶ್ ಕೃಷ್ಣಸ್ವಾಮಿ, ಅರುಂಧತಿ ದಾಸ್ ಅವರು ತೋಟದ ಹಕ್ಕಿಗಳ ಸಂಪತ್ತು ಪಕ್ಕದ ಕಾಡಿನ ಮೇಲೆ ನಿಂತಿದೆ ಎಂದು ತೋರಿಸಿದರು. ಚೀಲದ ಮೇಲೆ ‘ನೆರಳಿನ ಕಾಫಿ’ ಎಂಬ ಮುದ್ರೆ ಒತ್ತಿದರೆ ಕೆಲಸ ಮುಗಿಯಿತೆನ್ನುವವರಿಗೆ ಇದಕ್ಕಿಂತ ನೇರವಾದ ಉತ್ತರ ಬೇಕಿಲ್ಲ. ಕೊಡಗಿನಲ್ಲಿ ಶೆರಿಲ್ ನಾಥ್ ಮತ್ತು ಜೊತೆಗಾರರು ಕಾಡುಮರಗಳ ಬೆಳವಣಿಗೆಯನ್ನು ಸಿಲ್ವರ್ ಜೊತೆ ಹೋಲಿಸಿ ಅಳೆದರು. ‘ಕಾಡುಮರ ನಿಧಾನ’ ಎಂಬ ಮಾತನ್ನು ಬಾಯಿಮಾತಿಗೆ ಬಿಡದೆ ಟೇಪಿಗೆ ಒಡ್ಡಿದ ಕೆಲಸವಿದು. 2018ರಲ್ಲಿ ಚಾಂಗ್, ಕೃತಿ ಕಾರಂತ್, ರಾಬಿನ್ಸ್ ಅವರು ಅರೇಬಿಕಾ, ರೋಬಸ್ಟಾ ತೋಟಗಳ ಹಕ್ಕಿಗಳನ್ನು ಹೋಲಿಸಿ ರೋಬಸ್ಟಾವನ್ನೂ ತಳ್ಳಿಹಾಕುವಂತಿಲ್ಲ ಎಂದರು.

ಇಷ್ಟಾದರೂ ಇವೆಲ್ಲ ಹೆಚ್ಚಾಗಿ ಜಾತಿಗಳ ಲೆಕ್ಕ. ಒಂದೊಂದು ಹೆಮ್ಮರದ ದಾಖಲೆ ಇನ್ನೂ ಆಗಬೇಕು. ಹಣ್ಣು ತುಂಬಿದ ಬಸರಿಯ ಕೆಳಗೆ ಬೆಳಿಗ್ಗೆ ಅರ್ಧ ಗಂಟೆ ನಿಂತರೆ ಕುಟ್ರು ಹಕ್ಕಿ, ಮಂಗಟ್ಟೆ, ಪಾರಿವಾಳಗಳ ಸಂತೆಯೇ ಕಾಣುತ್ತದೆ. ಬೇರೆ ಮರಗಳಲ್ಲಿ ಹಣ್ಣಿಲ್ಲದ ತಿಂಗಳಲ್ಲೂ ಯಾವುದೋ ಒಂದು ಗೋಣಿಯೋ ಅತ್ತಿಯೋ ಹಣ್ಣು ಬಿಟ್ಟಿರುತ್ತದೆ. ಇಂಥ ಮರವನ್ನು ಅಳೆಯುವುದೂ ಸುಲಭವಲ್ಲ. ಬಿಳಲುಗಳು ಕಾಂಡಕ್ಕೆ ಅಂಟಿ ಒಂದಾಗಿರುತ್ತವೆ. ಎದೆಮಟ್ಟದಲ್ಲಿ ಟೇಪು ಸುತ್ತಿದರೆ ಸಿಗುವುದು ಮರದ ಸುತ್ತಳತೆಯೋ, ಬಿಳಲಿನದೋ, ನಡುವಿನ ಪೊಳ್ಳಿನದೋ ಗೊತ್ತಾಗದು.

ಇದಕ್ಕೆ ದಾರಿಯಿದೆ: ಟೇಪಿನ ಬದಲು ಲೇಸರ್. ಬ್ರಿಟನ್ನಿನ ಉದಾಹರಣೆ ನೋಡಿ. 1853ರಲ್ಲಿ ವಿಲಿಯಂ ಲಾಬ್ ಕ್ಯಾಲಿಫೋರ್ನಿಯಾದಿಂದ ಇಂಗ್ಲೆಂಡಿಗೆ ದೈತ್ಯ ಸೆಕ್ವೊಯಾ ಬೀಜ ತಂದರು. ಅಲ್ಲಿನ ಸಿರಿವಂತರು ಅದನ್ನು ತಮ್ಮ ಎಸ್ಟೇಟುಗಳಲ್ಲಿ ಅಂತಸ್ತಿನ ಗುರುತಾಗಿ ನೆಟ್ಟರು. ವೇಕ್‌ಹರ್ಸ್ಟ್ ಮುಂತಾದ ಮೂರು ಕಡೆಯ ಅಂಥ ಮರಗಳನ್ನು ಸಂಶೋಧಕರು ಲೇಸರ್‌ನಿಂದ ಅಳೆದು, ಎಷ್ಟು ಇಂಗಾಲ ಹಿಡಿದಿವೆ ಎಂಬ ಲೆಕ್ಕವನ್ನು 2024ರಲ್ಲಿ ಪ್ರಕಟಿಸಿದರು. ಪರದೇಶದಿಂದ ಬಂದ ಅಲಂಕಾರದ ಮರಕ್ಕೆ ಅಲ್ಲಿ ಸಿಕ್ಕ ಗಮನ, ಕಳಸದ ತೋಟದಲ್ಲಿ ಹುಟ್ಟಿ ಬೆಳೆದ ಗೋಣಿಗೂ ಸಿಗಬೇಕು.

ಎಳೆಯ ಸಸಿಗಳ ಮಾತಂತೂ ಇನ್ನೂ ಕಳವಳದ್ದು. ಕಳೆ ತೆಗೆಯುವ ಕತ್ತಿಗೆ ಹಕ್ಕಿ ಬಿತ್ತಿದ ಕಾಡುಸಸಿಗಳೂ ಹೋಗುತ್ತವೆ. ಹಳೆಯ ಮರ ಬಿದ್ದರೆ ಆ ಜಾಗಕ್ಕೆ ಬರುವುದು ನರ್ಸರಿಯ ಸಿಲ್ವರ್. ಬಾಳೆಹೊನ್ನೂರಿನ ಕೇಂದ್ರ ಮತ್ತು ಮೂಡಿಗೆರೆಯ ತೋಟಗಾರಿಕೆ ಕಾಲೇಜು ಕೈಜೋಡಿಸಿ ತಾಲ್ಲೂಕಿಗೊಂದು ಹೆಮ್ಮರಗಳ ಪಟ್ಟಿ ಶುರುಮಾಡಬಹುದು: ಜಾತಿ, ಅಳತೆ, ಹಣ್ಣಿನ ತಿಂಗಳು, ಸುತ್ತ ಉಳಿದ ಸಸಿಗಳು. ಮರಗಸಿಗೆ ವರ್ಷವೂ ಆ ಮರಗಳನ್ನು ಹತ್ತುವ ಕೆಲಸಗಾರರನ್ನು ಮೊದಲು ಕೇಳಿ, ಈ ಸಲವಾದರೂ ಅವರ ಹೆಸರನ್ನು ಪಟ್ಟಿಯಲ್ಲಿ ಬರೆಯಬೇಕು.