ಗುರುದತ್ತರೂ ಕನ್ನಡನಾಡೂ

ಕಡೂರು, ಬೀರೂರು, ಅಜ್ಜಂಪುರಗಳನ್ನು ಹಾದು ಉತ್ತರಕ್ಕೆ ಸಾಗುವ ರೈಲುದಾರಿಯು ಬೆಂಗಳೂರನ್ನೂ ಪುಣೆಯನ್ನೂ ಕೂಡಿಸುವುದೆಂಬುದನ್ನು ನಮ್ಮ ಸೀಮೆಯ ವಾಚಕರಿಗೆ ಹೇಳಬೇಕಾದುದಿಲ್ಲ. ಈ ದಾರಿಯ ಒಂದು ಕೊನೆಯಲ್ಲಿ ಜನಿಸಿ, ಮತ್ತೊಂದು ಕೊನೆಯಲ್ಲಿ ಕಸುಬನ್ನು ಕಲಿತು, ಹಿಂದೀ ಚಲಚ್ಚಿತ್ರಕ್ಕೆ ಹೊಸ ಕಾಂತಿಯನ್ನಿತ್ತವರು ಗುರುದತ್ತರು. ಇವರನ್ನು ಕನ್ನಡಿಗರೆಂದು ಹೆಮ್ಮೆಪಡುವವರು ನಮ್ಮಲ್ಲಿ ಅನೇಕರುಂಟು. ಆ ಹೆಮ್ಮೆಯು ಎಷ್ಟರ ಮಟ್ಟಿಗೆ ಸಲ್ಲತಕ್ಕುದೆಂಬುದನ್ನು ಇಲ್ಲಿ ವಿಚಾರಿಸೋಣ.

ಗುರುದತ್ತರು 1925ನೆಯ ಇಸವಿ ಜುಲೈ 9ರಂದು ಬೆಂಗಳೂರಿನಲ್ಲಿ ಹುಟ್ಟಿದರು. ತಂದೆ ಶಿವಶಂಕರರಾವ್ ಪಡುಕೋಣೆ, ತಾಯಿ ವಾಸಂತಿ. ಮನೆಮಾತು ಕೊಂಕಣಿ. ಬೆಳೆದುದು ಬಹುಮಟ್ಟಿಗೆ ಕಲ್ಕತ್ತೆಯಲ್ಲಿ. 1942ರಲ್ಲಿ ಆಲ್ಮೋರದ ಉದಯಶಂಕರರ ಕಲಾಕೇಂದ್ರವನ್ನು ಸೇರಿ ನೃತ್ಯಾಭ್ಯಾಸ ಮಾಡಿದರು. 1944ರಲ್ಲಿ ಪುಣೆಯ ಪ್ರಭಾತ್ ಸಂಸ್ಥೆಗೆ ಬಂದು ದೇವಾನಂದರ ಸ್ನೇಹವನ್ನು ಪಡೆದರು. ಆ ಸ್ನೇಹದ ಫಲವಾಗಿ 1951ರಲ್ಲಿ ‘ಬಾಜಿ’ ಚಿತ್ರದ ನಿರ್ದೇಶನವು ಅವರಿಗೆ ದೊರೆಯಿತು. ಹೀಗಿರಲು, ಜನ್ಮವೊಂದನ್ನುಳಿದು ನಮ್ಮ ನಾಡು ಅವರಿಗೆ ಕೊಟ್ಟುದೇನು ಎಂಬ ಪ್ರಶ್ನೆಯು ಸಹಜವಾಗಿಯೇ ಏಳುತ್ತದೆ.

ಇದಕ್ಕೆ ಉತ್ತರವು ಮತ್ತೊಬ್ಬರ ಚರಿತ್ರೆಯಲ್ಲಿದೆ. 1923ರಲ್ಲಿ ಮೈಸೂರಿನಲ್ಲಿ ಜನಿಸಿದ ವಿ. ಕೆ. ಮೂರ್ತಿಯವರು ಬೆಂಗಳೂರಿನ ಶ್ರೀ ಜಯಚಾಮರಾಜೇಂದ್ರ ಪಾಲಿಟೆಕ್ನಿಕ್ಕಿನಲ್ಲಿ ಛಾಯಾಗ್ರಹಣವನ್ನು ಕಲಿತು ಮುಂಬಯಿಗೆ ಹೋದರು. ‘ಬಾಜಿ’ಯಲ್ಲಿ ಸಹಾಯಕರಾಗಿದ್ದ ಇವರ ಸಾಮರ್ಥ್ಯವನ್ನು ಗುರುದತ್ತರು ಕೂಡಲೆ ಗುರುತಿಸಿ, 1952ರ ‘ಜಾಲ್’ ಚಿತ್ರದಿಂದ ಮೊದಲುಗೊಂಡು ಕ್ಯಾಮೆರಾವನ್ನು ಇವರ ಕೈಗೊಪ್ಪಿಸಿದರು. 1957ರ ‘ಪ್ಯಾಸಾ’ದಲ್ಲಿ ನೆರಳೂ ಮಾತನಾಡುತ್ತದೆ. 1959ರ ‘ಕಾಗಜ್ ಕೇ ಫೂಲ್’ ಭಾರತದ ಪ್ರಥಮ ಸಿನೆಮಾಸ್ಕೋಪ್ ಚಿತ್ರ. ಅದರಲ್ಲಿ ಕನ್ನಡಿಗಳ ಮೂಲಕ ಸೂರ್ಯನ ಬಿಸಿಲನ್ನು ಸ್ಟುಡಿಯೋದೊಳಕ್ಕೆ ತಂದು ಮೂರ್ತಿಯವರು ನಿರ್ಮಿಸಿದ ಬೆಳಕಿನ ಕೋಲನ್ನು ಕಂಡವರು ಮರೆಯಲಾರರು.

ಆದರೆ ಈ ಚಿತ್ರವನ್ನು ಅಂದಿನ ಪ್ರೇಕ್ಷಕರು ಒಲ್ಲದೆ ಹೋದರು. ಕೀರ್ತಿಯಿಂದ ಜಾರಿಬಿದ್ದ ನಿರ್ದೇಶಕನೊಬ್ಬನ ಕಥೆ ಅದು. ಅದನ್ನು ರಚಿಸಿದವರಿಗೇ ಆ ಕಥೆಯು ಅಂಟಿಕೊಂಡಿತು. ಆಮೇಲೆ ಗುರುದತ್ತರು ಚಿತ್ರಗಳನ್ನು ನಿರ್ಮಿಸಿದರು, ಅಭಿನಯಿಸಿದರು. ನಿರ್ದೇಶಕರೆಂದು ಮಾತ್ರ ಮತ್ತೆ ತಮ್ಮ ಹೆಸರನ್ನು ಹಾಕಿಕೊಳ್ಳಲಿಲ್ಲ. 1964ನೆಯ ಅಕ್ಟೋಬರ್ 10ರಂದು ಮುಂಬಯಿಯಲ್ಲಿ ತೀರಿಕೊಂಡಾಗ ಅವರಿಗೆ 39 ವರ್ಷ. ಅಂದು ತಿರಸ್ಕೃತವಾದ ಚಿತ್ರವನ್ನೇ ಇಂದು ದೇಶವಿದೇಶಗಳ ರಸಿಕರು ಆದರದಿಂದ ನೋಡುತ್ತಿದ್ದಾರೆ. ಆ ಆದರವು ಗುರುದತ್ತರ ಕಣ್ಣಿಗೆ ಬೀಳಲಿಲ್ಲ.

ಮೂರ್ತಿಯವರಿಗೆ ಅಷ್ಟರ ಮಟ್ಟಿಗೆ ದೈವವು ಅನುಕೂಲವಾಯಿತು. 1993ರಲ್ಲಿ ‘ಹೂವು ಹಣ್ಣು’ ಎಂಬ ಕನ್ನಡ ಚಿತ್ರಕ್ಕೂ ದುಡಿದರು. 2008ನೆಯ ಸಾಲಿನ ದಾದಾಸಾಹೇಬ್ ಫಾಲ್ಕೆ ಪ್ರಶಸ್ತಿಯು ಇವರಿಗೆ ಸಂದಿತು. ಛಾಯಾಗ್ರಾಹಕರೊಬ್ಬರಿಗೆ ಆ ಗೌರವವು ದೊರೆತುದು ಅದೇ ಮೊದಲು. 2014ರಲ್ಲಿ ಬೆಂಗಳೂರಿನಲ್ಲಿಯೇ ಕಾಲವಶರಾದರು.

ಆದುದರಿಂದ ಗುರುದತ್ತರ ವಿಷಯದಲ್ಲಿ ನಮ್ಮ ಹಕ್ಕು ಅವರ ತೊಟ್ಟಿಲಿನ ಮೇಲಲ್ಲ. ಹುಟ್ಟಿದ ಊರು ದೈವಾಧೀನವಾದುದು. ಕಲಿಸಿದ ವಿದ್ಯೆಯಾದರೋ ನಾಡಿನ ಪ್ರಯತ್ನದ ಫಲ. ಬೆಂಗಳೂರಿನ ಒಂದು ವಿದ್ಯಾಶಾಲೆಯು ತಿದ್ದಿದ ಕೈ ಅವರ ಕನಸುಗಳಿಗೆ ಬೆಳಕನ್ನಿತ್ತಿತೆಂದು ಹೇಳಿಕೊಂಡರೆ ಸಾಕು, ಅದರಲ್ಲಿ ಅತಿಶಯೋಕ್ತಿಯ ಲೇಶವೂ ಇಲ್ಲ.