ಗೋಲಿಗೆ ಯಜಮಾನ ಯಾರು?

ದಿಗ್ಗೇವಾಡಿಯ ಅಂಗಳದಲ್ಲಿ ಗೋಲಿ ಆಡೋವಾಗ ಗುಳಿ ತೋಡೋಕೆ ನಾವು ಯಾರ ಅಪ್ಪಣೆಯನ್ನೂ ಕೇಳ್ತಿರಲಿಲ್ಲ. ಕಂಪ್ಯೂಟರಿನ ಗೋಲಿಯ ಕಥೆಯೇ ಬೇರೆ.

1984ರಲ್ಲಿ ಅಟಾರಿಗಾಗಿ ಮಾರ್ಕ್ ಸೆರ್ನಿ ಮಾಡಿದ ‘ಮಾರ್ಬಲ್ ಮ್ಯಾಡ್‌ನೆಸ್’ನಲ್ಲಿ ಗೋಲಿಯನ್ನೇ ಉರುಳಿಸಬೇಕಿತ್ತು. 2001ರಲ್ಲಿ ಸೆಗಾದ ‘ಸೂಪರ್ ಮಂಕಿ ಬಾಲ್’ ಬಂತು. ಅದರಲ್ಲಿ ನಾವು ವಾಲಿಸೋದು ನೆಲವನ್ನ, ಚೆಂಡು ತಾನಾಗಿ ಉರುಳುತ್ತೆ. ಆದ್ರೆ ಎರಡೂ ಕಂಪನಿಗಳ ಸೊತ್ತು.

2003ರಲ್ಲಿ ರಾಬರ್ಟ್ ಕೂಯಿಮಾ ಅದೇ ನೆಲ ವಾಲಿಸೋ ಉಪಾಯದಿಂದ ‘ನೆವರ್‌ಬಾಲ್’ ಬರೆದು, ಜಿಪಿಎಲ್ ಲೈಸೆನ್ಸಿನಲ್ಲಿ ಸೋರ್ಸ್ ಕೋಡನ್ನೇ ಎಲ್ಲರಿಗೂ ಹಂಚಿಬಿಟ್ರು! ಸಮಯ ಮುಗಿಯೋದ್ರೊಳಗೆ ನಾಣ್ಯ ಹೆಕ್ಕಿ ಗುರಿ ಮುಟ್ಟಬೇಕು. ಇರೋ ಲೆವೆಲ್‌ಗಳು ಬೇಜಾರಾದ್ರೆ ಹೊಸದನ್ನ ನಾವೇ ಕಟ್ಟಬಹುದು. ಅಂದ್ರೆ ಗುಳಿ ಮತ್ತೆ ನಮ್ಮದೇ.

ಊರಿನ ಆ ಅಂಗಳಕ್ಕೆ ಈಗ ಸಿಮೆಂಟ್ ಬಿದ್ದಿದೆ... ನೆನಪಿರೋವಾಗ್ಲೇ ಅದನ್ನೊಂದು ಲೆವೆಲ್ ಮಾಡಿಡಬೇಕು. ನಿಮ್ಮೂರಿನ ಅಂಗಳ ಹೇಗಿತ್ತು?