ಚಕ್ರದೊಳಗಿನ ಗಾಳಿ: ಹಳೆಯ ಮೋಟಾರಿಗೆ ಟ್ಯೂಬನ್ನು ಆರಿಸುವ ವಿಚಾರ



ಹಳೆಯ ಕಾಲದ ಮೋಟಾರು ಕಾರುಗಳ ಮೆರವಣಿಗೆ ನಮ್ಮ ಬೆಂಗಳೂರು ಮೈಸೂರುಗಳಲ್ಲಿ ಆಗಾಗ ನಡೆಯುವುದುಂಟು. ಹಿತ್ತಾಳೆಯ ದೀಪ, ಚರ್ಮದ ಆಸನ, ಮರದ ಅರಗಳುಳ್ಳ ಚಕ್ರ, ಇವುಗಳನ್ನು ಜನರು ನಿಂತು ನೋಡಿ ಮೆಚ್ಚುತ್ತಾರೆ. ಕಾರಿನ ಯಜಮಾನನೂ ಅವುಗಳನ್ನು ಉಜ್ಜಿ ಉಜ್ಜಿ ಹೊಳೆಯಿಸಿರುತ್ತಾನೆ. ಆದರೆ ಅಷ್ಟೂ ಭಾರವನ್ನು ಹೊತ್ತಿರುವುದು ಚಕ್ರದೊಳಗಿನ ಗಾಳಿ. ಆ ಗಾಳಿಯನ್ನು ಕಾಯುತ್ತಿರುವುದು ಯಾರ ಕಣ್ಣಿಗೂ ಬೀಳದ ಒಂದು ತೆಳ್ಳನೆಯ ರಬ್ಬರಿನ ಕೊಳವೆ. ಗಂಟೆಗೆ ನಲವತ್ತು ಐವತ್ತು ಮೈಲಿ ಓಡುತ್ತಿರುವಾಗ ಮುಂದಿನ ಚಕ್ರದ ಟ್ಯೂಬು ಸೀಳಿದರೆ ದೀಪದ ಹೊಳಪು ಯಾರನ್ನೂ ಉಳಿಸಲಾರದು. ಆದಕಾರಣ ಇಂಥ ಕಾರಿಗೆ ಎಂಥ ಟ್ಯೂಬನ್ನು ಹಾಕಬೇಕೆಂಬುದು ಚಿಲ್ಲರೆ ಪ್ರಶ್ನೆಯಲ್ಲ. ಅದಕ್ಕೆ ಉತ್ತರವನ್ನು ಅಂಗಡಿಯ ಬೆಲೆಪಟ್ಟಿಯಲ್ಲಿ ಹುಡುಕುವುದಕ್ಕಿಂತ ಚರಿತ್ರೆಯಲ್ಲಿ ಹುಡುಕುವುದು ಮೇಲು. ಚರಿತ್ರೆಯನ್ನು ಬೋಧಿಸಿ ಜೀವಿಸುವವನ ಪಕ್ಷಪಾತವೆಂದು ತಾವು ನಗಬಹುದು. ಸ್ವಲ್ಪ ಹೊತ್ತು ಕೇಳಿ ಆಮೇಲೆ ನಿರ್ಣಯಿಸಿ.

ಗಾಳಿಯ ಚಕ್ರವನ್ನು ಕಂಡುಹಿಡಿದವನು ಡನ್‌ಲಪ್ ಎಂದು ಎಲ್ಲರೂ ಹೇಳುತ್ತಾರೆ. ಅವನಿಗಿಂತ ನಲವತ್ತು ವರ್ಷಗಳಿಗೂ ಹಿಂದೆ, ೧೮೪೫ನೆಯ ಇಸವಿಯಲ್ಲಿ, ರಾಬರ್ಟ್ ವಿಲಿಯಂ ಥಾಮ್ಸನ್ ಎಂಬ ಇಪ್ಪತ್ತಮೂರು ವರ್ಷದ ಸ್ಕಾಟ್ಲೆಂಡಿನ ತರುಣನು ಇದೇ ಉಪಾಯಕ್ಕೆ ಸನ್ನದನ್ನು ಪಡೆದಿದ್ದನು. ರಬ್ಬರು ಲೇಪಿಸಿದ ಬಟ್ಟೆಯ ಕೊಳವೆ ಒಳಗೆ, ಗಟ್ಟಿಯಾದ ಚರ್ಮದ ಕವಚ ಹೊರಗೆ. ಹೀಗೆ ಗಾಳಿ ಕಾಯುವ ಕೆಲಸವನ್ನು ಒಂದಕ್ಕೂ ನೆಲದ ಪೆಟ್ಟು ತಿನ್ನುವ ಕೆಲಸವನ್ನು ಇನ್ನೊಂದಕ್ಕೂ ಹಂಚಿಕೊಟ್ಟವನು ಅವನೇ. ಲಂಡನ್ನಿನಲ್ಲಿ ಕುದುರೆ ಗಾಡಿಗಳಿಗೆ ಅದನ್ನು ಕಟ್ಟಿ ಓಡಿಸಿಯೂ ತೋರಿಸಿದನು. ಆದರೆ ಆ ಕಾಲಕ್ಕೆ ರಬ್ಬರು ದುಬಾರಿ. ಗಾಳಿಯ ಮೆತ್ತೆ ಬೇಕೆನ್ನುವಷ್ಟು ವೇಗದ ವಾಹನವೂ ರಸ್ತೆಯಲ್ಲಿರಲಿಲ್ಲ. ಬೇಕೆನ್ನುವವರಿಲ್ಲದೆ ಆ ಯುಕ್ತಿ ಮರೆತುಹೋಯಿತು.

ಜಾನ್ ಬಾಯ್ಡ್ ಡನ್‌ಲಪ್ ಬೆಲ್‌ಫಾಸ್ಟಿನಲ್ಲಿದ್ದ ಪಶುವೈದ್ಯ. ಮಗನ ಮೂರು ಚಕ್ರದ ಸೈಕಲ್ಲು ಕಲ್ಲುಹಾಸಿನ ಬೀದಿಯಲ್ಲಿ ಗಡಗಡಿಸುವುದನ್ನು ತಪ್ಪಿಸಲು ಅವನು ಗಾಳಿ ತುಂಬಿದ ಕೊಳವೆಯನ್ನು ಚಕ್ರಕ್ಕೆ ಸುತ್ತಿದನು. ೧೮೮೮ರಲ್ಲಿ ಸನ್ನದನ್ನೂ ಪಡೆದನು. ಥಾಮ್ಸನ್ನನ ಹಳೆಯ ಕಾಗದ ಹೊರಗೆ ಬಂದು ೧೮೯೦ರಲ್ಲಿ ಡನ್‌ಲಪ್ಪನ ಸನ್ನದು ನಿಲ್ಲಲಾರದೆಂದು ತಿಳಿಯಿತು. ಅಷ್ಟರಲ್ಲಿ ಸೈಕಲ್ಲಿನ ಯುಗ ಬಂದಿತ್ತು, ವ್ಯಾಪಾರ ನಿಲ್ಲಲಿಲ್ಲ. ಒಂದೇ ತೊಂದರೆ ಏನೆಂದರೆ, ಡನ್‌ಲಪ್ಪನ ಟೈರನ್ನು ಚಕ್ರಕ್ಕೆ ಅಂಟಿಸಿಬಿಡುತ್ತಿದ್ದರು. ಒಂದು ಮುಳ್ಳು ಚುಚ್ಚಿದರೆ ಬಿಚ್ಚಲು ಕೆಲವು ಗಂಟೆ, ಅಂಟು ಒಣಗಲು ಒಂದು ರಾತ್ರಿ. ಫ್ರಾನ್ಸಿನ ಮಿಷಲಿನ್ ಸೋದರರು ೧೮೯೧ರಲ್ಲಿ ಬಿಚ್ಚಿ ಹಾಕಬಹುದಾದ ಟೈರನ್ನು ಮಾಡಿದರು. ಒಳಗಿನ ಟ್ಯೂಬು ಬೇರೆಯಾಗಿ ಕೊಳ್ಳುವ, ಬೇರೆಯಾಗಿ ಬದಲಾಯಿಸುವ ಪದಾರ್ಥವಾದದ್ದು ಇಲ್ಲಿಂದಲೇ. ೧೮೯೫ರಲ್ಲಿ ಪ್ಯಾರಿಸಿನಿಂದ ಬೋರ್ಡೋಗೆ ಹೋಗಿ ಹಿಂದಿರುಗುವ ಮೋಟಾರು ಪಂದ್ಯದಲ್ಲಿ ಅದೇ ಸೋದರರು ಗಾಳಿಯ ಟೈರು ಹಾಕಿದ ಕಾರನ್ನು ತಾವೇ ಓಡಿಸಿದರು. ದಾರಿಯುದ್ದಕ್ಕೂ ಟ್ಯೂಬು ಒಡೆಯುವುದು, ಬದಲಾಯಿಸುವುದು, ಮತ್ತೆ ಒಡೆಯುವುದು. ಗಡುವು ಮೀರಿದ ಮೇಲೆ ಊರು ಸೇರಿದರು. ಸೇರಿದರೆಂಬುದೇ ಜಗತ್ತಿಗೆ ಸಾಕಾಯಿತು.

ಈ ಕಥೆಯನ್ನು ಇಷ್ಟಕ್ಕೇ ನಿಲ್ಲಿಸಿದರೆ ಅದು ಜಾಣರ ಕಥೆಯಾಗಿ ಉಳಿಯುತ್ತದೆ. ರಬ್ಬರು ಎಲ್ಲಿಂದ ಬಂದಿತು? ತೋಟದ ರಬ್ಬರು ಇನ್ನೂ ಬೆಳೆದಿರಲಿಲ್ಲ; ಕಾಡಿನ ರಬ್ಬರೇ ಗತಿ. ಬೆಲ್ಜಿಯಮ್ಮಿನ ದೊರೆ ಲಿಯೋಪೋಲ್ಡನ ಸ್ವಂತ ಸ್ವತ್ತಿನಂತಿದ್ದ ಕಾಂಗೋ ದೇಶದಲ್ಲಿ ಹಳ್ಳಿಹಳ್ಳಿಗೂ ಇಷ್ಟು ರಬ್ಬರು ತರಬೇಕೆಂದು ವಿಧಿಸಿದರು. ತಾರದಿದ್ದರೆ ಹೆಂಗಸರನ್ನು ಒತ್ತೆಯಿಡುವುದು, ಊರನ್ನು ಸುಡುವುದು, ಕೈಗಳನ್ನು ಕಡಿಯುವುದು. ಬ್ರಿಟಿಷ್ ಕಾನ್ಸಲ್ ರೋಜರ್ ಕೇಸ್‌ಮೆಂಟನ ವರದಿ ೧೯೦೪ರಲ್ಲಿ ಪ್ರಕಟವಾಯಿತು; ೧೯೦೮ರಲ್ಲಿ ದೊರೆಯ ಕೈಯಿಂದ ಆ ದೇಶವನ್ನು ಬೆಲ್ಜಿಯಂ ಸರಕಾರ ತೆಗೆದುಕೊಂಡಿತು. ಅದೇ ಕೇಸ್‌ಮೆಂಟನು ೧೯೧೦ರಲ್ಲಿ ದಕ್ಷಿಣ ಅಮೆರಿಕದ ಪುಟುಮಾಯೋ ನದೀತೀರದಲ್ಲಿ ಅದೇ ಕ್ರೌರ್ಯವನ್ನು ಇನ್ನೊಂದು ಜನಾಂಗದ ಮೇಲೆ ನಡೆಯುತ್ತಿರುವುದಾಗಿ ಕಂಡನು. ಯೂರೋಪಿನ ಉದ್ಯಾನಗಳಲ್ಲಿ ಸದ್ದಿಲ್ಲದೆ ಉರುಳಿದ ಆ ಚಕ್ರಗಳು ಬೇರೆಡೆ ಎಬ್ಬಿಸಿದ ಸದ್ದು ಇದು. ಹಿತ್ತಾಳೆಯ ದೀಪದ ಕಾರುಗಳನ್ನು ಮೆಚ್ಚುವವರು ಇದನ್ನೂ ಅರಿತು ಮೆಚ್ಚಿದರೆ ಕಾರಿನ ಅಂದಕ್ಕೆ ಕುಂದೇನೂ ಬಾರದು.

ಕಾಡಿನ ರಬ್ಬರನ್ನು ಕೊನೆಗೆ ಸೋಲಿಸಿದ್ದು ತೋಟದ ರಬ್ಬರು. ಹೆನ್ರಿ ವಿಕ್‌ಹ್ಯಾಮನು ೧೮೭೬ರಲ್ಲಿ ಬ್ರೆಜಿಲಿನಿಂದ ಲಂಡನ್ನಿನ ಕ್ಯೂ ತೋಟಕ್ಕೆ ತಂದ ಸುಮಾರು ೭೦,೦೦೦ ಬೀಜಗಳಲ್ಲಿ ೨,೭೦೦ರಷ್ಟು ಮಾತ್ರ ಮೊಳೆತವು. ಹೆಚ್ಚಿನ ಸಸಿಗಳು ಸಿಂಹಳಕ್ಕೆ ಹೋದವು. ಮೊದಲನೆಯ ಮಹಾಯುದ್ಧದ ವೇಳೆಗೆ ಮಲಯ, ಸಿಂಹಳಗಳ ತೋಟಗಳು ಕಾಡನ್ನು ಮೀರಿಸಿದವು. ನಮ್ಮ ಸುಳ್ಯ ಪುತ್ತೂರುಗಳ ರಬ್ಬರು ಮರಗಳೂ ಬಹುಮಟ್ಟಿಗೆ ಆ ಬೀಜದ ಸಂತತಿಯೇ. ೧೯೬೪ರ ಒಪ್ಪಂದದ ತರುವಾಯ ಸಿಂಹಳದಿಂದ ಹಿಂದಿರುಗಿದ ತಮಿಳು ಕುಟುಂಬಗಳು ಅಲ್ಲಿಯ ಸರಕಾರಿ ತೋಟಗಳಲ್ಲಿ ಹಾಲು ತೆಗೆಯಲು ನಿಂತವು. ಮರ ಬಂದ ದಾರಿಯಲ್ಲೇ ಮನುಷ್ಯರೂ ಬಂದರು.

ಈಗ ಕಾರಿನ ಬಳಿಗೆ ಬರೋಣ. ಟೈರಿನ ಮೇಲೆ ಬರೆದಿರುವ ಅಂಕೆಗಳನ್ನು ಓದುವುದರಲ್ಲಿಯೇ ಅನೇಕರು ಎಡವುತ್ತಾರೆ. ಏಕೆಂದರೆ ಆ ಅಂಕೆಗಳ ಅರ್ಥ ನಡುವೆ ಬದಲಾಯಿತು. ೧೯೦೮ರಿಂದ ೧೯೨೭ರವರೆಗೆ ನಡೆದ ಫೋರ್ಡ್ ಮಾಡೆಲ್ ಟಿ ಕಾರಿಗೆ ೩೦ × ೩½ ಎಂಬ ಟೈರು. ಇಲ್ಲಿ ೩೦ ಎಂಬುದು ಟೈರಿನ ಹೊರ ಅಳತೆ, ಅಂಗುಲಗಳಲ್ಲಿ. ಎರಡು ಕಡೆಯ ಮೂರೂವರೆ ಕಳೆದರೆ ಚಕ್ರದ ಅಂಚು ೨೩ ಅಂಗುಲ. ಮುಂದೆ ೧೯೨೮ರ ಮಾಡೆಲ್ ಎ ಕಾರಿಗೆ ೪.೫೦-೨೧. ಇಲ್ಲಿ ೨೧ ಎಂಬುದು ಹೊರ ಅಳತೆಯಲ್ಲ, ಅಂಚಿನದೇ ಅಳತೆ. ಎರಡು ಟೈರುಗಳೂ ಹೊರಗೆ ಮೂವತ್ತು ಅಂಗುಲವೇ; ಒಳಗೆ ಒಂದರ ಟ್ಯೂಬು ಇನ್ನೊಂದಕ್ಕೆ ಸಲ್ಲದು. ದೊಡ್ಡ ಟ್ಯೂಬನ್ನು ತುರುಕಿದರೆ ಮಡಿಕೆ ಬಿದ್ದು, ಮಡಿಕೆಯ ಗೆರೆಯಲ್ಲೇ ಸವೆದು ಸೀಳುತ್ತದೆ. ಸಣ್ಣದನ್ನು ಹಿಗ್ಗಿಸಿದರೆ ಗೋಡೆ ತೆಳುವಾಗಿ, ಸಣ್ಣ ಮೊಳೆ ತಾಗಿದರೂ ದೊಡ್ಡ ಬಾಯಿ ಬಿಡುತ್ತದೆ. ಒಂದೇ ಟ್ಯೂಬು ಐದಾರು ಅಳತೆಗೆ ಹೊಂದುತ್ತದೆಂದು ಪೆಟ್ಟಿಗೆಯ ಮೇಲೆ ಅಚ್ಚಾಗಿದ್ದರೆ, ನಮ್ಮ ಅಳತೆ ಆ ಸಾಲಿನ ತುದಿಯಲ್ಲಿದೆಯೋ ನಡುವಿನಲ್ಲಿದೆಯೋ ನೋಡಬೇಕು, ನಡುವಿನಲ್ಲಿರುವುದೇ ಕ್ಷೇಮ.

ಮಾಡೆಲ್ ಟಿ ಕಾಲದ ಟೈರಿಗೆ ಇನ್ನೊಂದು ಸ್ವಭಾವವುಂಟು. ಅದರ ಅಂಚು ಚಕ್ರದ ಬಾಗಿದ ತುಟಿಯೊಳಗೆ ಕೊಕ್ಕೆಯಂತೆ ಸಿಕ್ಕಿಕೊಳ್ಳುತ್ತದೆ. ಅಲ್ಲಿ ಹಿಡಿದಿಡುವುದು ಗಾಳಿಯ ಒತ್ತಡವೇ. ಆದಕಾರಣ ಅದಕ್ಕೆ ಚದರಂಗುಲಕ್ಕೆ ೫೫ ರಿಂದ ೬೦ ಪೌಂಡು ಗಾಳಿ ಬೇಕು. ಗಾಳಿ ಇಳಿದರೆ ಟೈರು ಚಕ್ರದ ಮೇಲೆ ಮೆಲ್ಲಗೆ ಜಾರುತ್ತದೆ, ಜೊತೆಗೆ ಟ್ಯೂಬನ್ನೂ ಎಳೆಯುತ್ತದೆ, ವಾಲ್ವು ಮಾತ್ರ ರಂಧ್ರದಲ್ಲಿ ಸಿಕ್ಕಿ ನಿಲ್ಲುತ್ತದೆ, ಬುಡ ಕಿತ್ತುಬರುತ್ತದೆ. ಜನರು ಇದನ್ನು ಟ್ಯೂಬಿನ ದೋಷವೆಂದು ಬೈಯುವುದುಂಟು.

ಇನ್ನು ರಬ್ಬರಿನ ಜಾತಿ. ಮೊದಮೊದಲ ಟ್ಯೂಬುಗಳೆಲ್ಲ ಮರದ ರಬ್ಬರಿನವು. ೧೯೩೭ರಲ್ಲಿ ಅಮೆರಿಕದ ಸ್ಟ್ಯಾಂಡರ್ಡ್ ಆಯಿಲ್ ಕಂಪನಿಯ ಪ್ರಯೋಗಶಾಲೆಯಲ್ಲಿ ವಿಲಿಯಂ ಸ್ಪಾರ್ಕ್ಸ್, ರಾಬರ್ಟ್ ಥಾಮಸ್ ಎಂಬಿಬ್ಬರು ಎಣ್ಣೆಯ ಅನಿಲಗಳಿಂದ ಬ್ಯೂಟೈಲ್ ಎಂಬ ರಬ್ಬರನ್ನು ಮಾಡಿದರು. ೧೯೪೨ರ ಫೆಬ್ರವರಿಯಲ್ಲಿ ಸಿಂಗಪುರ ಜಪಾನಿನ ವಶವಾಯಿತು. ಅಮೆರಿಕಕ್ಕೆ ಬರುತ್ತಿದ್ದ ರಬ್ಬರಿನಲ್ಲಿ ಹತ್ತರಲ್ಲಿ ಒಂಬತ್ತು ಪಾಲು ಆ ಪೂರ್ವ ದಿಕ್ಕಿನದು. ಆ ಬಾಗಿಲು ಮುಚ್ಚಿತು. ಅಲ್ಲಿ ಪಡಿತರಕ್ಕೆ ಮೊಟ್ಟಮೊದಲು ಒಳಪಟ್ಟದ್ದು ಸಕ್ಕರೆಯಲ್ಲ, ಟೈರು. ಆ ಒತ್ತಡದಲ್ಲಿ ಬ್ಯೂಟೈಲ್ ಪ್ರಯೋಗಶಾಲೆಯಿಂದ ಕಾರ್ಖಾನೆಗೆ ಬಂದಿತು. ಗಾಳಿಯನ್ನು ಹಿಡಿಯುವುದರಲ್ಲಿ ಅದು ಮರದ ರಬ್ಬರಿಗಿಂತ ಅನೇಕ ಪಟ್ಟು ಮೇಲು. ಬಿಸಿಲಿಗೂ ಕಾಲಕ್ಕೂ ಬೇಗ ಬಿರಿಯುವುದಿಲ್ಲ. ಮರದ ರಬ್ಬರು ಹೆಚ್ಚು ಹಿಗ್ಗುತ್ತದೆ, ಸುಲಭವಾಗಿ ಹರಿಯುವುದಿಲ್ಲ, ಪಂಚರ್ ಅಂಗಡಿಯವನ ಅಂಟಿಗೆ ಬೇಗ ಒಲಿಯುತ್ತದೆ. ಆದರೆ ಕೆಲವು ವಾರ ಬಿಟ್ಟು ನೋಡಿದರೆ ಮೆತ್ತಗಾಗಿರುತ್ತದೆ. ನನ್ನ ಅಭಿಪ್ರಾಯ ಹೀಗೆ: ಹಳೆಯ ಕಾರು ವರ್ಷದಲ್ಲಿ ಹೆಚ್ಚು ದಿನ ಕೊಟ್ಟಿಗೆಯಲ್ಲಿ ನಿಂತಿರುವ ಪ್ರಾಣಿ. ನಿಂತಲ್ಲೇ ಗಾಳಿ ಇಳಿದರೆ ಟೈರಿನ ಪಕ್ಕಗಳೂ ಕೆಡುತ್ತವೆ. ಅದಕ್ಕೆ ಒಳ್ಳೆಯ ಬ್ಯೂಟೈಲ್ ಟ್ಯೂಬೇ ತಕ್ಕದ್ದು. ಪ್ರತಿದಿನ ಗಾಳಿ ನೋಡುವ ತಾಳ್ಮೆಯುಳ್ಳವರು ಮರದ ರಬ್ಬರನ್ನು ಹಾಕಿಕೊಳ್ಳಲಿ; ಅವರು ಅಪರೂಪ.

೧೯೪೭ರಲ್ಲಿ ಗುಡ್‌ರಿಚ್ ಕಂಪನಿ ಟ್ಯೂಬಿಲ್ಲದ ಟೈರನ್ನು ಪ್ರಕಟಿಸಿತು. ಹತ್ತು ವರ್ಷದೊಳಗೆ ಅಮೆರಿಕದ ಹೊಸ ಕಾರುಗಳಿಗೆ ಅದೇ ರೂಢಿಯಾಯಿತು. ಅಂದಿನಿಂದ ಕಾರಿನ ಟ್ಯೂಬು ಕಾರ್ಖಾನೆಗಳಿಗೆ ಹಿಂದಣ ಸಾಲಿನ ಸರಕು. ಹಳೆಯ ಅಳತೆಗಳಿಗೆ ಅಗ್ಗದ, ಗೋಡೆ ಒಂದೇ ಸಮನಾಗಿಲ್ಲದ ಟ್ಯೂಬುಗಳು ಬರುವುದುಂಟು. ಕೊಳ್ಳುವ ಮುನ್ನ ಎರಡು ಜಾಗಗಳನ್ನು ಬೆರಳಿನಿಂದ ಪರೀಕ್ಷಿಸಬೇಕು: ತುದಿಗಳು ಕೂಡಿರುವ ಬೆಸುಗೆ, ವಾಲ್ವಿನ ಬುಡ. ಆಮೇಲೆ ಟೈರಿನ ಹೊರಗೇ ದುಂಡಗಾಗುವಷ್ಟು ಮಾತ್ರ ಗಾಳಿ ತುಂಬಿ, ಒಂದು ರಾತ್ರಿ ಬಿಟ್ಟು, ನೀರಿನ ತೊಟ್ಟಿಯಲ್ಲಿ ಮುಳುಗಿಸಿ ನೋಡಬೇಕು. ಒಂದು ಕಡೆ ಉಬ್ಬಿ ಇನ್ನೊಂದು ಕಡೆ ಸೊರಗಿದ್ದರೆ ಹಿಂದಕ್ಕೆ ಕೊಡಿ. ಹಳೆಯ ಟೈರಿನಿಂದ ತೆಗೆದ, ಹಿಗ್ಗಿಹೋದ ಟ್ಯೂಬನ್ನು ಹೊಸ ಟೈರಿಗೆ ಹಾಕುವ ಉಳಿತಾಯ ಬೇಡ.

ವಾಲ್ವಿನಲ್ಲಿಯೂ ವಿವೇಕ ಬೇಕು. ೧೮೯೦ರ ದಶಕದಲ್ಲಿ ಶ್ರೇಡರನು ರೂಪಿಸಿದ ವಾಲ್ವು ಇಂದಿನ ಪಂಪಿಗೂ ಹೊಂದುತ್ತದೆಂಬುದು ನಿಜ. ಆದರೆ ಕಾಂಡದಲ್ಲಿ ರಬ್ಬರಿನದು ಬೇರೆ, ಲೋಹದ್ದು ಬೇರೆ. ಚಕ್ರದ ರಂಧ್ರ ಕೆಲವದರಲ್ಲಿ ಅರ್ಧ ಅಂಗುಲಕ್ಕೂ ಕಿರಿದು, ಕೆಲವದರಲ್ಲಿ ಅಂಗುಲದ ಎಂಟರಲ್ಲಿ ಐದು ಪಾಲು. ದೊಡ್ಡ ರಂಧ್ರದಲ್ಲಿ ಸಣ್ಣ ರಬ್ಬರು ಕಾಂಡ ಅಲ್ಲಾಡಿ ಅಲ್ಲಾಡಿ ಅಂಚಿಗೆ ಉಜ್ಜಿ ಹರಿಯುತ್ತದೆ. ಲೋಹದ ಕಾಂಡಕ್ಕೆಂದು ಮಾಡಿದ ಚಕ್ರಕ್ಕೆ ಲೋಹದ ಕಾಂಡವನ್ನೇ ಕೇಳಿ ಪಡೆಯಬೇಕು, ಬೆಲೆ ಹೆಚ್ಚಾದರೂ ಸರಿ.

ಟ್ಯೂಬು ಎಷ್ಟೇ ಒಳ್ಳೆಯದಾಗಿರಲಿ, ಅದನ್ನು ಕೊಲ್ಲುವುದು ಬಹಳ ಸಲ ನೆರೆಹೊರೆಯೇ. ಅಂಚಿನ ತುಕ್ಕನ್ನು ಉಜ್ಜಿ ತೆಗೆಯಬೇಕು. ತಂತಿಯ ಅರಗಳ ಚಕ್ರವಾದರೆ ಅರಗಳ ತಲೆಗಳ ಮೇಲೆ ಪಟ್ಟಿ ಸುತ್ತಬೇಕು. ಹಳೆಯ ಅಂಚುಗಳಿಗೆ ರಬ್ಬರಿನ ಪಟ್ಟಿಯನ್ನು ಟ್ಯೂಬಿನ ಕೆಳಗೆ ಹಾಸಬೇಕು. ಹೊಸ ಟೈರಿನ ಒಳಗೆ ಅಂಟಿಸಿರುವ ಕಾಗದದ ಚೀಟಿಯನ್ನು ತಪ್ಪದೆ ಕಿತ್ತುಹಾಕಬೇಕು. ಸಾವಿರಾರು ಮೈಲಿ ಉಜ್ಜಿದರೆ ಕಾಗದವೂ ಅರವೇ. ಟ್ಯೂಬಿಲ್ಲದೆ ಓಡಲು ಮಾಡಿದ ಟೈರಿನ ಒಳಮೈ ಏಣೇಣಾಗಿದ್ದರೆ ಅದರೊಳಗೆ ಟ್ಯೂಬು ಹಾಕುವುದು ಅನರ್ಥ. ರೇಡಿಯಲ್ ಟೈರಿನ ಪಕ್ಕಗಳು ಹೆಚ್ಚು ಬಳುಕುವುದರಿಂದ ಅದಕ್ಕೆಂದೇ ಗುರುತು ಹಾಕಿದ ಟ್ಯೂಬು ಬೇಕು. ಸೀಮೆಸುಣ್ಣದಂಥ ಟಾಲ್ಕ್ ಪುಡಿಯನ್ನು ತೆಳ್ಳಗೆ ಸವರಿ, ಸ್ವಲ್ಪ ಗಾಳಿ ತುಂಬಿ, ಮಡಿಕೆಯಿಲ್ಲದಂತೆ ಕೂರಿಸಿ, ಮತ್ತೆ ಗಾಳಿ ಬಿಟ್ಟು ಮತ್ತೆ ತುಂಬಬೇಕು.

ವಾಲ್ವಿನ ಕಾಂಡಕ್ಕೆ ಹಾಕುವ ತಿರುಪನ್ನು ಅಂಚಿಗೆ ಬಿಗಿಯಾಗಿ ಅದುಮದೆ ಸ್ವಲ್ಪ ಸಡಿಲವಾಗಿಯೇ ಬಿಡುವುದು ಹಳೆಯ ಚಾಲಕರ ಪದ್ಧತಿ. ಒಳಗೆ ಟೈರು ಜಾರಿದರೆ ಕಾಂಡ ಓರೆಯಾಗಿ ನಿಲ್ಲುತ್ತದೆ. ಹೊರಡುವ ಮುನ್ನ ನಾಲ್ಕು ಚಕ್ರಗಳ ಸುತ್ತ ಒಮ್ಮೆ ನಡೆದು ನೋಡಿದರೆ ಸಾಕು. ಓರೆಯಾದ ಕಾಂಡ ಕಂಡ ದಿನ ಕಾರನ್ನು ಹೊರಗೆ ತೆಗೆಯದೆ ಆ ಚಕ್ರವನ್ನು ಬಿಚ್ಚಿ ನೋಡಬೇಕು.